ಒಂದೇ ಕಚೇರಿ, ಎರಡು ಬಾಣಂತನ

ಯಾವುದೇ ತಾಲೂಕು ಕೇಂದ್ರದ ಸರಕಾರಿ ಆಸ್ಪತ್ರೆಗೋ ಪದವಿ ಕಾಲೇಜಿಗೋ ಹೋಗಿ ನೋಡಿ. ಅಕ್ಕಪಕ್ಕದ ಎರಡು ಮೇಜುಗಳಲ್ಲಿ ಇಬ್ಬರು ಮಹಿಳೆಯರು ಒಂದೇ ಬಗೆಯ ಕೆಲಸ ಮಾಡುತ್ತಿರುತ್ತಾರೆ. ಒಬ್ಬಾಕೆ ಖಾಯಂ ನೌಕರಳು. ಇನ್ನೊಬ್ಬಾಕೆ ಗುತ್ತಿಗೆಯವಳು, ಇಲ್ಲವೇ ಹೊರಗುತ್ತಿಗೆಯವಳು, ಇಲ್ಲವೇ ‘ಅತಿಥಿ’. ವರ್ಷಗಟ್ಟಲೆ ಅದೇ ಮನೆಯಲ್ಲಿ ದುಡಿಯುವವಳನ್ನು ಅತಿಥಿ ಎಂದು ಕರೆಯುವ ಸೌಜನ್ಯ ನಮ್ಮ ಆಡಳಿತ ಭಾಷೆಗೆ ಮಾತ್ರ ಸಾಧ್ಯ. ಇಬ್ಬರೂ ಗರ್ಭಿಣಿಯರಾದರೆನ್ನಿ. ಮೊದಲನೆಯಾಕೆ ಆರು ತಿಂಗಳ ಸಂಬಳ ಸಹಿತ ರಜೆ ಪಡೆದು ಮಗುವನ್ನು ಎತ್ತಿಕೊಂಡು ತವರಿಗೆ ಹೋಗುತ್ತಾಳೆ. ಎರಡನೆಯಾಕೆ ತನ್ನ ಗರ್ಭವನ್ನು ಎಷ್ಟು ತಿಂಗಳು ಮುಚ್ಚಿಟ್ಟುಕೊಂಡರೆ ಗುತ್ತಿಗೆಯ ನವೀಕರಣ ತಪ್ಪಲಾರದು ಎಂದು ಲೆಕ್ಕ ಹಾಕುತ್ತಾಳೆ. ಹೆರಿಗೆಯ ನೋವು ಇಬ್ಬರಿಗೂ ಒಂದೇ. ಹಸುಗೂಸಿನ ಹಸಿವೂ ಒಂದೇ. ಹಾಗಾದರೆ ಈ ವ್ಯತ್ಯಾಸವನ್ನು ಮಾಡಿದವರು ಯಾರು? ಪ್ರಕೃತಿಯಲ್ಲ, ಸಂವಿಧಾನವಲ್ಲ, ಸರಕಾರದ ನೇಮಕಾತಿ ಪತ್ರ.

ಸರಕಾರಿ ನೌಕರರ ರಜೆಯ ಬಗ್ಗೆ ಮಾತೆತ್ತಿದರೆ ಸಾಮಾನ್ಯವಾಗಿ ಕೇಳಿ ಬರುವ ಪ್ರತಿಕ್ರಿಯೆ ಒಂದೇ: “ಅವರಿಗೇನು, ವರ್ಷವಿಡೀ ರಜೆಯೇ ತಾನೇ?” ಈ ಮಾತಿನಲ್ಲಿ ಜನಸಾಮಾನ್ಯರ ನೈಜ ಸಿಟ್ಟಿದೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಖಾಲಿ ಕುರ್ಚಿಯ ಮುಂದೆ ಮೂರು ಬಾರಿ ನಿಂತು ಮರಳಿದವನಿಗೆ ರಜೆಯ ತತ್ವಶಾಸ್ತ್ರ ಹೇಳಿ ಪ್ರಯೋಜನವಿಲ್ಲ. ಆದರೆ ಸಿಟ್ಟು ಸರಿಯಾದ ವಿಳಾಸಕ್ಕೆ ತಲುಪಬೇಕಾದರೆ ಮೊದಲು ನಿಯಮಗಳೇನು ಎಂಬುದನ್ನು ತಿಳಿಯಬೇಕು. ಆ ನಿಯಮಗಳು ಯಾರಿಗೆ ಎಷ್ಟು ಕೊಡುತ್ತವೆ, ಯಾರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತವೆ ಎಂಬುದನ್ನು ನೋಡಿದಾಗ, ಸಮಸ್ಯೆ ರಜೆ ಹೆಚ್ಚಾದುದರದ್ದಲ್ಲ, ಹಂಚಿಕೆಯ ಅನ್ಯಾಯದ್ದು ಎಂಬುದು ಸ್ಪಷ್ಟವಾಗುತ್ತದೆ.

ಕರ್ನಾಟಕ ನಾಗರಿಕ ಸೇವಾ ನಿಯಮಗಳ ಪ್ರಕಾರ ಖಾಯಂ ಮಹಿಳಾ ನೌಕರರಿಗೆ 180 ದಿನಗಳ ಹೆರಿಗೆ ರಜೆಯಿದೆ. ಜೀವಂತ ಮಕ್ಕಳು ಇಬ್ಬರಿಗಿಂತ ಕಡಿಮೆ ಇರಬೇಕೆಂಬುದು ಷರತ್ತು. ಪುರುಷ ನೌಕರನಿಗೆ 15 ದಿನಗಳ ಪಿತೃತ್ವ ರಜೆಯಿದೆ. 2021ರ ಮಾರ್ಚ್‌ನಲ್ಲಿ ಮಂಡಿಸಲಾದ ಬಜೆಟ್‌ನಲ್ಲಿ ಮಹಿಳಾ ನೌಕರರಿಗೆ ಶಿಶುಪಾಲನಾ ರಜೆಯನ್ನು ಘೋಷಿಸಲಾಯಿತು. ಆ ಬಳಿಕದ ಆದೇಶದಂತೆ ಇಡೀ ಸೇವಾವಧಿಯಲ್ಲಿ ಆರು ತಿಂಗಳು ಈ ರಜೆ ಪಡೆಯಬಹುದು. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ ಇದೇ ರಜೆ 730 ದಿನಗಳಷ್ಟಿದೆ; ಒಂಟಿಯಾಗಿ ಮಕ್ಕಳನ್ನು ಸಾಕುವ ಪುರುಷ ನೌಕರರಿಗೂ 2018ರಿಂದ ಅಲ್ಲಿ ಈ ಸೌಲಭ್ಯವಿದೆ. ಇವುಗಳ ಹೊರತಾಗಿ ವರ್ಷಕ್ಕೆ 30 ದಿನಗಳ ಗಳಿಕೆ ರಜೆ, 20 ದಿನಗಳ ಅರ್ಧ ವೇತನ ರಜೆ ಇವೆ. ಸ್ವತಃ ಕಾಯಿಲೆ ಬಿದ್ದರೆ ವೈದ್ಯರ ಪ್ರಮಾಣಪತ್ರ ಕೊಟ್ಟು ಅರ್ಧ ವೇತನ ರಜೆಯನ್ನು ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಬಳಸಬಹುದು. ಆಗ ಒಂದು ದಿನಕ್ಕೆ ಎರಡು ದಿನ ಖಾತೆಯಿಂದ ಕಡಿತವಾಗುತ್ತದೆ. ಸಾಂದರ್ಭಿಕ ರಜೆ ಮೊದಲು 15 ಇತ್ತು. 2019ರಲ್ಲಿ ನಾಲ್ಕನೇ ಶನಿವಾರವನ್ನು ರಜಾದಿನವೆಂದು ಸಾರಿದಾಗ ಅದನ್ನು 10ಕ್ಕೆ ಇಳಿಸಲಾಯಿತು.

ಈ ಪಟ್ಟಿ ಯಾರದೋ ಔದಾರ್ಯದ ಫಲವಲ್ಲ. 1928ರಲ್ಲಿ ಬೊಂಬಾಯಿ ಶಾಸಕಾಂಗದಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದರ ಪರವಾಗಿ ಮಾತನಾಡಿದ್ದರು. ಮರುವರ್ಷ, 1929ರಲ್ಲಿ, ಅದು ಕಾನೂನಾಯಿತು. ಅಂದು ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು ಬೊಂಬಾಯಿ ಪ್ರಾಂತ್ಯದಲ್ಲಿದ್ದುದರಿಂದ ಕನ್ನಡ ನೆಲಕ್ಕೂ ಆ ಕಾನೂನಿನ ನಂಟಿದೆ. ಸ್ವತಂತ್ರ ಭಾರತದ ಸಂವಿಧಾನವು 42ನೇ ವಿಧಿಯಲ್ಲಿ, ನ್ಯಾಯಯುತವೂ ಮಾನವೀಯವೂ ಆದ ದುಡಿಮೆಯ ವಾತಾವರಣವನ್ನೂ ಹೆರಿಗೆ ಸೌಲಭ್ಯವನ್ನೂ ಒದಗಿಸುವ ಹೊಣೆಯನ್ನು ಪ್ರಭುತ್ವದ ಹೆಗಲಿಗೇರಿಸಿತು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು. 2017ರ ತಿದ್ದುಪಡಿ ಅದನ್ನು 12 ವಾರಗಳಿಂದ 26 ವಾರಗಳಿಗೆ ವಿಸ್ತರಿಸಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಕಾಯ್ದೆ ವಿಲೀನವಾಗಿದ್ದರೂ 26 ವಾರಗಳ ಹಕ್ಕು ಹಾಗೆಯೇ ಉಳಿದಿದೆ. ಗಮನಿಸಬೇಕಾದ ಸಂಗತಿಯೆಂದರೆ, ಈ ಕಾನೂನು ಖಾಯಂ, ಹಂಗಾಮಿ ಎಂದು ವಿಂಗಡಿಸುವುದಿಲ್ಲ. ಹೆರಿಗೆಗೆ ಮೊದಲಿನ ಹನ್ನೆರಡು ತಿಂಗಳಲ್ಲಿ 80 ದಿನ ದುಡಿದಿರಬೇಕು ಎಂಬುದಷ್ಟೇ ಅದು ಕೇಳುವ ಅರ್ಹತೆ.

ಹಾಗಿದ್ದರೂ ವಿಂಗಡಣೆ ನಡೆಯುತ್ತಿದೆ. ಅದನ್ನು ನಡೆಸುತ್ತಿರುವುದು ಯಾವುದೋ ಮೂಲೆಯ ಲಾಭಕೋರ ವ್ಯಾಪಾರಿಯಲ್ಲ, ಸ್ವತಃ ಸರಕಾರಿ ಸಂಸ್ಥೆಗಳು. ದೆಹಲಿ ಮಹಾನಗರ ಪಾಲಿಕೆಯಲ್ಲಿ ದಿನಗೂಲಿಯ ಮೇಲೆ ದುಡಿಯುತ್ತಿದ್ದ ಮಹಿಳೆಯರು ಹೆರಿಗೆ ರಜೆ ಕೇಳಿದಾಗ ಪಾಲಿಕೆ ಏನೆಂದಿತು? ಇವರು ಖಾಯಂ ನೌಕರರಲ್ಲ, ಆದ್ದರಿಂದ ಇವರಿಗೆ ಆ ಸೌಲಭ್ಯ ಅನ್ವಯವಾಗದು ಎಂದಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2000ದ ಮಾರ್ಚ್ 8ರಂದು ನ್ಯಾಯಮೂರ್ತಿ ಸಗೀರ್ ಅಹ್ಮದ್ ಮತ್ತು ನ್ಯಾಯಮೂರ್ತಿ ಡಿ.ಪಿ. ವಾಧ್ವಾ ಅವರಿದ್ದ ಪೀಠ ಪಾಲಿಕೆಯ ವಾದವನ್ನು ತಳ್ಳಿ ಹಾಕಿತು. ಹಾಜರಿ ಪಟ್ಟಿಯ ಮೇಲೆ ದುಡಿಯುವ ದಿನಗೂಲಿ ಮಹಿಳೆಗೂ ಹೆರಿಗೆ ಸೌಲಭ್ಯ ಕೊಡಲೇಬೇಕೆಂದು ಆದೇಶಿಸಿತು. ಅಂದರೆ, ಈ ಪ್ರಶ್ನೆ ಇತ್ಯರ್ಥವಾಗಿ ಕಾಲು ಶತಮಾನ ಕಳೆಯಿತು. ಆ ವರ್ಷ ಹುಟ್ಟಿದ ಹೆಣ್ಣು ಮಗು ಇಂದು ತಾನೇ ತಾಯಿಯಾಗುವ ವಯಸ್ಸಿಗೆ ಬಂದಿದ್ದಾಳೆ. ಆದರೆ ಕಚೇರಿಯ ಮೇಜಿನ ಮೇಲೆ ಅದೇ ಹಳೆಯ ಉತ್ತರ: “ನೀವು ಖಾಯಂ ಅಲ್ಲವಲ್ಲ.”

ಬಳಿಕದ ಪ್ರಕರಣಗಳೂ ಇದನ್ನೇ ಸಾರುತ್ತವೆ. ದೆಹಲಿಯ ಸರಕಾರಿ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯೆ 2017ರ ಜೂನ್‌ನಲ್ಲಿ ಹೆರಿಗೆ ರಜೆ ಕೋರಿದರು. ಗುತ್ತಿಗೆಯ ಅವಧಿ ಮುಗಿಯಲು ಉಳಿದಿದ್ದುದು 11 ದಿನ. ಆದ್ದರಿಂದ ಹೆರಿಗೆ ಸೌಲಭ್ಯವೂ 11 ದಿನ ಎಂದು ಆಡಳಿತ ಹೇಳಿತು. ಕಾಗದದ ಅವಧಿ ಮುಗಿಯುವ ದಿನಕ್ಕೆ ಸರಿಯಾಗಿ ಬಾಣಂತನವೂ ಮುಗಿದು ಬಿಡಬೇಕೆಂಬ ಈ ಗಣಿತವನ್ನು ಸುಪ್ರೀಂ ಕೋರ್ಟ್ 2023ರಲ್ಲಿ ತಿರಸ್ಕರಿಸಿತು. ಒಮ್ಮೆ ಅರ್ಹತೆ ದೊರೆತ ಮೇಲೆ ಗುತ್ತಿಗೆ ಮುಗಿದರೂ ಪೂರ್ಣ ಅವಧಿಯ ಸೌಲಭ್ಯ ಸಲ್ಲಬೇಕೆಂದು ತೀರ್ಪಿತ್ತಿತು. ನಮ್ಮದೇ ಕರ್ನಾಟಕ ಹೈಕೋರ್ಟ್ 2021ರಲ್ಲಿ, ಹೆರಿಗೆ ರಜೆಯ ಸಂದರ್ಭದಲ್ಲಿ ಗುತ್ತಿಗೆ ನೌಕರಳೊಬ್ಬಳನ್ನು ಕೆಲಸದಿಂದ ತೆಗೆದ ಆದೇಶವನ್ನು ರದ್ದುಪಡಿಸಿ ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಹೇಳಿತು. ತೀರ್ಪುಗಳು ಸ್ವಾಗತಾರ್ಹ. ಆದರೆ ನಾವು ಕೇಳಬಯಸುವ ಪ್ರಶ್ನೆ ಬೇರೆ. ಪ್ರತಿಯೊಬ್ಬ ಬಾಣಂತಿಯೂ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನ್ಯಾಯಾಲಯದ ಮೆಟ್ಟಿಲೇರಬೇಕೇ? ವಕೀಲರ ಶುಲ್ಕ ಕೊಡಲಾಗದವಳ ಹಕ್ಕು ಎಲ್ಲಿಗೆ ಹೋಗಬೇಕು? ಆ ವೈದ್ಯೆಗೆ ನ್ಯಾಯ ಸಿಕ್ಕಿದಾಗ ಮಗುವಿಗೆ ಆರು ವರ್ಷ. ಎದೆಹಾಲಿನ ಕಾಲದಲ್ಲಿ ಸಿಗಬೇಕಾದ ಹಕ್ಕು ಶಾಲೆಗೆ ಹೋಗುವ ಕಾಲದಲ್ಲಿ ಸಿಕ್ಕರೆ ಅದನ್ನು ಪರಿಹಾರ ಎನ್ನಬಹುದು, ರಜೆ ಎನ್ನಲಾಗದು.

ಹೊರಗುತ್ತಿಗೆಯವರ ಸ್ಥಿತಿ ಇನ್ನೂ ಶೋಚನೀಯ. ಇಲ್ಲಿ ಸರಕಾರ ಮತ್ತು ದುಡಿಯುವವಳ ನಡುವೆ ಏಜೆನ್ಸಿಯೊಂದು ಬಂದು ನಿಲ್ಲುತ್ತದೆ. ಕೆಲಸ ಹೇಳುವವನು ಅಧಿಕಾರಿ, ಸಂಬಳ ಕೊಡುವವನು ಗುತ್ತಿಗೆದಾರ. ರಜೆ ಕೇಳಿದರೆ ಅಧಿಕಾರಿ ಗುತ್ತಿಗೆದಾರನತ್ತ ಬೊಟ್ಟು ಮಾಡುತ್ತಾನೆ, ಗುತ್ತಿಗೆದಾರ ಟೆಂಡರಿನ ಷರತ್ತಿನತ್ತ ಬೊಟ್ಟು ಮಾಡುತ್ತಾನೆ. ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರು ಇ.ಎಸ್.ಐ. ವ್ಯಾಪ್ತಿಗೆ ಬರುತ್ತಾರೆ ಮತ್ತು ಅಲ್ಲಿ 26 ವಾರಗಳ ಹೆರಿಗೆ ಸೌಲಭ್ಯವಿದೆ ಎಂಬುದು ನಿಜ. ಆದರೆ ಅದಕ್ಕೆ ನಿಗದಿತ ಅವಧಿಯಲ್ಲಿ ಕನಿಷ್ಠ 70 ದಿನಗಳ ವಂತಿಗೆ ಜಮೆಯಾಗಿರಬೇಕು. ಸಂಬಳದಿಂದ ಹಣ ಮುರಿದುಕೊಂಡ ಏಜೆನ್ಸಿ ಅದನ್ನು ಕಟ್ಟಿದೆಯೋ ಇಲ್ಲವೋ ಎಂದು ಪರಿಶೀಲಿಸುವ ಕಾಳಜಿ ಎಷ್ಟು ಕಚೇರಿಗಳಿಗಿದೆ? ಪ್ರಧಾನ ಉದ್ಯೋಗದಾತ ಸರಕಾರವೇ ಆಗಿರುವಾಗ ಆ ಹೊಣೆಯನ್ನು ಯಾರ ತಲೆಗೆ ಕಟ್ಟಲಾದೀತು? ಸರಕಾರ ಹೊರಗುತ್ತಿಗೆಗೆ ಕೊಟ್ಟಿರುವುದು ಕೇವಲ ಕೆಲಸವನ್ನಲ್ಲ, ತನ್ನ ಆತ್ಮಸಾಕ್ಷಿಯನ್ನು ಕೂಡ ಎಂದು ನಾವು ಹೇಳಿದರೆ ಅದು ಅತಿಶಯೋಕ್ತಿಯಾಗದು.

ಆಶಾ ಕಾರ್ಯಕರ್ತೆಯರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಊರಿನ ಗರ್ಭಿಣಿಯರನ್ನು ಗುರುತಿಸುವುದು, ಅವರನ್ನು ತಪಾಸಣೆಗೆ ಕರೆದೊಯ್ಯುವುದು, ನಡುರಾತ್ರಿ ಹೆರಿಗೆ ನೋವು ಬಂದರೆ ಜೊತೆಗೆ ಆಸ್ಪತ್ರೆಗೆ ಹೋಗುವುದು, ಬಳಿಕ ಬಾಣಂತಿಯ ಮನೆಗೆ ಭೇಟಿ ಕೊಡುವುದು ಇವರ ಕರ್ತವ್ಯ. ಆದರೆ ಕಾಗದದ ಮೇಲೆ ಇವರು ನೌಕರರಲ್ಲ, ‘ಸ್ವಯಂಸೇವಕಿಯರು’. ಆದಾಯದ ಒಂದು ಭಾಗ ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಕೆಲಸವಿಲ್ಲದ ತಿಂಗಳು ಆ ಭಾಗವೂ ಇಲ್ಲ. ಇಡೀ ಊರಿನ ಬಾಣಂತನ ನೋಡುವವಳಿಗೆ ತನ್ನದೇ ಬಾಣಂತನ ನಷ್ಟದ ಬಾಬತ್ತಾಗುತ್ತದೆ! ಗೌರವಧನ ಪಡೆಯುವವರಿಗೆ ರಜೆ ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಎಂಬ ಸಮಜಾಯಿಷಿಯೂ ನಿಲ್ಲುವಂಥದ್ದಲ್ಲ. ಅಂಗನವಾಡಿ ಕಾರ್ಯಕರ್ತೆಯರೂ ಗೌರವಧನದವರೇ. ಅವರಿಗೆ 180 ದಿನಗಳ ಹೆರಿಗೆ ರಜೆಯನ್ನು ಕೇಂದ್ರದ ಮಾರ್ಗಸೂಚಿಯೇ ಒಪ್ಪಿದೆ. ಅವರು ಗ್ರಾಚ್ಯುಯಿಟಿಗೂ ಅರ್ಹರು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನಸ್ಸಿದ್ದಲ್ಲಿ ನಿಯಮ ಹುಟ್ಟುತ್ತದೆ ಎಂಬುದಕ್ಕೆ ಇನ್ನೇನು ಪುರಾವೆ ಬೇಕು?

ಇನ್ನು ಎರಡು ಮಕ್ಕಳ ಷರತ್ತಿನ ಮಾತು. ಈ ಷರತ್ತಿನ ಹಿಂದೆ ಜನಸಂಖ್ಯೆ ನಿಯಂತ್ರಣದ ಉದ್ದೇಶವಿದೆ ಎನ್ನಲಾಗುತ್ತದೆ. ಆದರೆ ಸಾಮಾನ್ಯ ಕಾರ್ಮಿಕ ಕಾನೂನೇನು ಹೇಳುತ್ತದೆ? ಇಬ್ಬರು ಮಕ್ಕಳಿರುವ ತಾಯಿಗೂ ಮುಂದಿನ ಹೆರಿಗೆಗೆ 12 ವಾರಗಳ ಸಂಬಳ ಸಹಿತ ರಜೆಯನ್ನು ಅದು ಕೊಡುತ್ತದೆ. ಅಂದರೆ, ಕಾರ್ಖಾನೆಯ ಮಾಲೀಕ ಮೂರನೇ ಮಗುವಿನ ತಾಯಿಗೆ 12 ವಾರ ಕೊಡಬೇಕೆಂದು ಕಟ್ಟಪ್ಪಣೆ ಮಾಡುವ ಸರಕಾರ, ತನ್ನ ಕಚೇರಿಯ ತಾಯಿಗೆ ಸೇವಾ ನಿಯಮ ತೋರಿಸಿ ಬಾಗಿಲು ಮುಚ್ಚುತ್ತದೆ. ಹುಟ್ಟಿದ ಕೂಸು ತಾನು ಎಷ್ಟನೆಯವನು ಎಂದು ಕೇಳಿಕೊಂಡು ಹುಟ್ಟುವುದಿಲ್ಲ. ತಂದೆ ತಾಯಿಯ ನಿರ್ಧಾರಕ್ಕಾಗಿ ಹಸುಗೂಸಿನ ಹಾಲನ್ನು ಕಸಿಯುವುದು ಯಾವ ಜನಸಂಖ್ಯಾ ನೀತಿ?

ಈ ಷರತ್ತಿನ ಕುರುಡುತನ ಎಷ್ಟೆಂಬುದಕ್ಕೆ ಎರಡು ಪ್ರಕರಣಗಳು ಸಾಕು. ಚಂಡೀಗಡದ ಸರಕಾರಿ ವೈದ್ಯಕೀಯ ಸಂಸ್ಥೆಯೊಂದರ ದಾದಿಯ ಪತಿಗೆ ಮೊದಲ ಮದುವೆಯ ಇಬ್ಬರು ಮಕ್ಕಳಿದ್ದರು. ಆ ಮಕ್ಕಳ ಆರೈಕೆಗಾಗಿ ಆಕೆ ಶಿಶುಪಾಲನಾ ರಜೆ ಪಡೆದಿದ್ದರು. 2019ರಲ್ಲಿ ಸ್ವತಃ ತನ್ನ ಮೊದಲ ಮಗುವನ್ನು ಹೆತ್ತಾಗ, ನಿಮಗೆ ಈಗಾಗಲೇ ಇಬ್ಬರು ಮಕ್ಕಳಿದ್ದಾರೆ ಎಂದು ಹೆರಿಗೆ ರಜೆ ನಿರಾಕರಿಸಲಾಯಿತು. ತಾಯಿಲ್ಲದ ಮಕ್ಕಳಿಗೆ ತಾಯಿಯಾದುದೇ ಆಕೆಯ ಅಪರಾಧವಾಯಿತು! 2022ರಲ್ಲಿ ಸುಪ್ರೀಂ ಕೋರ್ಟ್ ಈ ನಿರಾಕರಣೆಯನ್ನು ಬದಿಗೆ ಸರಿಸಿತು. ಕುಟುಂಬವೆಂಬುದಕ್ಕೆ ಒಂದೇ ಅಚ್ಚಿಲ್ಲ ಎಂಬುದನ್ನು ನೆನಪಿಸಿತು. ಇನ್ನೊಂದು ತಮಿಳುನಾಡಿನದ್ದು. ಅಲ್ಲಿನ ಸರಕಾರಿ ಶಿಕ್ಷಕಿಯೊಬ್ಬರಿಗೆ ಮೊದಲ ಮದುವೆಯಲ್ಲಿ ಇಬ್ಬರು ಮಕ್ಕಳು. ವಿಚ್ಛೇದನದ ಬಳಿಕ ಅವರು ತಂದೆಯ ವಶದಲ್ಲಿದ್ದರು. ಮರುಮದುವೆಯಲ್ಲಿ ಮಗುವಾದಾಗ ರಜೆ ನಿರಾಕರಿಸಲಾಯಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಹೆರಿಗೆ ರಜೆಯು ಮಹಿಳೆಯ ಸಂತಾನೋತ್ಪತ್ತಿಯ ಹಕ್ಕಿನ ಅವಿಭಾಜ್ಯ ಭಾಗ ಎಂದು ತೀರ್ಪಿತ್ತಿತು. ವಿಧವೆಯರ, ವಿಚ್ಛೇದಿತೆಯರ ಮರುಮದುವೆಯನ್ನು ಪ್ರೋತ್ಸಾಹಿಸಬೇಕೆಂದು ಬಯಸುವ ಎಲ್ಲರೂ ಈ ತೀರ್ಪನ್ನು ಗಮನಿಸಬೇಕು. ಮರುಮದುವೆಯಾದವಳನ್ನು ಸಮಾಜ ಸ್ವೀಕರಿಸಿದರೂ ಸೇವಾ ನಿಯಮ ಸ್ವೀಕರಿಸುವುದಿಲ್ಲವೆಂದಾದರೆ ಆ ಪ್ರೋತ್ಸಾಹಕ್ಕೆ ಅರ್ಥವೆಲ್ಲಿದೆ?

ಈ ವರೆಗೆ ತಾಯಿಯ ಮಾತಾಯಿತು. ತಂದೆಯೆಲ್ಲಿ? ನಿಯಮದ ಪ್ರಕಾರ ಆತನಿಗೆ 15 ದಿನ. ನಮ್ಮ ಮನೆಗಳಲ್ಲಿ ಬಾಣಂತಿಗೆ ನಲ್ವತ್ತು ದಿನಗಳ ಆರೈಕೆಯೆಂಬುದು ಅಜ್ಜಿಯಂದಿರ ಕಾಲದಿಂದಲೂ ಬಂದ ಲೆಕ್ಕ. ಅದರ ಅರ್ಧಕ್ಕೂ ತಲುಪದ ಈ ರಜೆಯನ್ನು ಕೂಡ ಕೇಳಲು ಎಷ್ಟೋ ಗಂಡಸರು ಸಂಕೋಚ ಪಡುತ್ತಾರೆ. ‘ಹೆತ್ತವಳು ಅವಳು, ರಜೆ ನಿನಗೇಕೆ?’ ಎಂಬ ಸಹೋದ್ಯೋಗಿಗಳ ಕುಹಕ ಬೇರೆ. ಶಿಶುಪಾಲನಾ ರಜೆಯಂತೂ ಮಹಿಳೆಯದೇ ಎಂದು ಬರೆದಿಟ್ಟಂತಿದೆ. ಇದು ಮೇಲ್ನೋಟಕ್ಕೆ ಮಹಿಳೆಗೆ ತೋರಿದ ಕರುಣೆ. ಒಳಗೆ, ಮಗುವಿನ ಜವಾಬ್ದಾರಿ ಆಕೆಯೊಬ್ಬಳದೇ ಎಂಬ ಷರಾ. ಈ ಷರಾದಿಂದಾಗಿಯೇ ಆಯ್ಕೆ ಸಮಿತಿಯಲ್ಲಿ ಕೂತವರು ಹೆಣ್ಣು ಅಭ್ಯರ್ಥಿಯನ್ನು ಕಂಡಾಗ ಅರ್ಹತೆಗಿಂತ ಮೊದಲು ರಜೆಯ ಲೆಕ್ಕ ಹಾಕುತ್ತಾರೆ.

ಆರೈಕೆ ಹೆಂಗಸರ ಕೆಲಸ, ಕರ್ತವ್ಯ ಗಂಡಸರ ಕೆಲಸ ಎಂದು ವಾದಿಸುವ ನಮ್ಮವರು ಇಸ್ಲಾಮೀ ಇತಿಹಾಸದ ಒಂದು ಘಟನೆಯನ್ನು ನೆನಪಿಸಿಕೊಳ್ಳಬೇಕು. ಹಿಜರಿ ಎರಡನೇ ವರ್ಷ. ಬದ್ರ್‌ಗೆ ಹೊರಟ ಮುಸ್ಲಿಮರ ಪಡೆಯಲ್ಲಿದ್ದವರು ಸುಮಾರು 313 ಮಂದಿ. ಎದುರಾಳಿಗಳ ಸಂಖ್ಯೆ ಅದರ ಮೂರು ಪಟ್ಟು. ಒಬ್ಬೊಬ್ಬ ವ್ಯಕ್ತಿಯೂ ಅಮೂಲ್ಯನಾಗಿದ್ದ ಆ ಸಂದರ್ಭದಲ್ಲಿ ಪ್ರವಾದಿ ಮುಹಮ್ಮದ್(ಸ) ತಮ್ಮ ಅಳಿಯ ಹ. ಉಸ್ಮಾನ್(ರ)ರನ್ನು ಮದೀನಾದಲ್ಲೇ ಉಳಿಸಿದರು. ಕಾರಣವೇನು? ಅವರ ಪತ್ನಿ ಹ. ರುಕಿಯ್ಯಾ(ರ) ತೀವ್ರ ಅಸ್ವಸ್ಥರಾಗಿದ್ದರು ಮತ್ತು ಅವರ ಶುಶ್ರೂಷೆಗೆ ಪತಿ ಬೇಕಾಗಿದ್ದರು. ಯುದ್ಧ ಮುಗಿದ ಬಳಿಕ ಯುದ್ಧಾರ್ಜಿತ ಸೊತ್ತಿನಲ್ಲಿ ಭಾಗವಹಿಸಿದವರಿಗೆ ಸಿಕ್ಕಷ್ಟೇ ಪಾಲನ್ನು ಉಸ್ಮಾನ್(ರ)ರಿಗೂ ಕೊಡಲಾಯಿತು. ಇಂದಿನ ಆಡಳಿತ ಭಾಷೆಯಲ್ಲಿ ಹೇಳುವುದಾದರೆ, ಸಾರ್ವಜನಿಕ ಸೇವೆಯ ಅತ್ಯಂತ ನಿರ್ಣಾಯಕ ದಿನದಂದು, ಸಿಬ್ಬಂದಿಯ ತೀವ್ರ ಕೊರತೆಯ ನಡುವೆ, ರೋಗಿ ಪತ್ನಿಯ ಆರೈಕೆಗಾಗಿ ಪತಿಗೆ ಪೂರ್ಣ ವೇತನದ ರಜೆ ಮಂಜೂರಾಯಿತು. ಪತ್ನಿ ಆಸ್ಪತ್ರೆಯಲ್ಲಿರುವಾಗ ತಾನು ಕರ್ತವ್ಯಕ್ಕೆ ಹಾಜರಾದೆನೆಂದು ಹೆಮ್ಮೆ ಪಡುವವರು ಈ ಘಟನೆಯನ್ನು ಯಾವ ಪುಟದಲ್ಲಿ ಅಡಗಿಸಿಟ್ಟಿದ್ದಾರೆ?

ರೋಗಿಗಳ ಆರೈಕೆಯ ಮಾತು ಬಂದಾಗ ಸೇವಾ ನಿಯಮಗಳ ಇನ್ನೊಂದು ದೊಡ್ಡ ಲೋಪ ಎದ್ದು ಕಾಣುತ್ತದೆ. ಮಗುವಿಗೆ ರಜೆಯಿದೆ, ಸ್ವಂತ ಕಾಯಿಲೆಗೆ ರಜೆಯಿದೆ. ಹಾಸಿಗೆ ಹಿಡಿದ ತಾಯಿಗೆ, ಡಯಾಲಿಸಿಸ್‌ಗೆ ಹೋಗಬೇಕಾದ ತಂದೆಗೆ? ಅವರ ಹೆಸರಿನಲ್ಲಿ ಪ್ರತ್ಯೇಕ ರಜೆಯಿಲ್ಲ. 2025ರ ಜುಲೈಯಲ್ಲಿ ರಾಜ್ಯಸಭೆಯಲ್ಲಿ ಈ ಪ್ರಶ್ನೆ ಬಂದಾಗ ಕೇಂದ್ರ ಸರಕಾರ ಕೊಟ್ಟ ಉತ್ತರವೇನೆಂದರೆ, ನೌಕರರು ತಮ್ಮ 30 ದಿನಗಳ ಗಳಿಕೆ ರಜೆಯನ್ನೂ ಇತರ ರಜೆಗಳನ್ನೂ ವೃದ್ಧ ತಂದೆ ತಾಯಿಯ ಆರೈಕೆ ಸಹಿತ ಯಾವುದೇ ವೈಯಕ್ತಿಕ ಕಾರಣಕ್ಕೆ ಬಳಸಬಹುದು ಎಂಬುದು. ಬಾಯಾರಿದವನಿಗೆ ‘ನಿನ್ನ ಮನೆಯ ಕೊಡದಲ್ಲಿ ನೀರಿದೆಯಲ್ಲ’ ಎಂದಂತಾಯಿತು ಇದು. ಇದೇ ಸರಕಾರ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯನ್ನು ತಂದಿದೆ. ಅದರಂತೆ ವೃದ್ಧ ಪೋಷಕರನ್ನು ತೊರೆದು ಹೋದವರಿಗೆ ಮೂರು ತಿಂಗಳವರೆಗೆ ಸೆರೆವಾಸವಿದೆ. ತೊರೆದು ಹೋದರೆ ಮೂರು ತಿಂಗಳು ಜೈಲು. ಜೊತೆಗಿದ್ದು ನೋಡಿಕೊಳ್ಳಲು ಮೂರು ದಿನವೂ ಪ್ರತ್ಯೇಕ ರಜೆಯಿಲ್ಲ!

ಇದರ ಪರಿಣಾಮವೇನು? ತಾಯಿಗೆ ಶಸ್ತ್ರಚಿಕಿತ್ಸೆಯಾದರೆ ಮಗ ತನಗೇ ಟೈಫಾಯಿಡ್ ಎಂದು ಪ್ರಮಾಣಪತ್ರ ಮಾಡಿಸುತ್ತಾನೆ. ಬರೆದುಕೊಡುವ ವೈದ್ಯನಿಗೂ ಗೊತ್ತು, ಸಹಿ ಹಾಕುವ ಮೇಲಧಿಕಾರಿಗೂ ಗೊತ್ತು, ಅದು ಸುಳ್ಳೆಂದು. ಮೂವರು ಸಭ್ಯ ಮನುಷ್ಯರು ಒಂದು ಒಳ್ಳೆಯ ಕೆಲಸಕ್ಕಾಗಿ ಸೇರಿ ಸುಳ್ಳು ಹೇಳಬೇಕಾದ ಸ್ಥಿತಿಯನ್ನು ನಿಯಮವೇ ನಿರ್ಮಿಸಿದೆ. ಒಮ್ಮೆ ಈ ಸುಳ್ಳು ರೂಢಿಯಾದರೆ ಅದು ತಾಯಿಯ ಸೇವೆಗೆ ಮಾತ್ರ ನಿಲ್ಲುವುದಿಲ್ಲ. ಮದುವೆ ಮನೆಗೂ ಪ್ರವಾಸಕ್ಕೂ ಅದೇ ಪ್ರಮಾಣಪತ್ರ ಬರುತ್ತದೆ. ಹಾಗೆ ಮಾಡುವವರನ್ನು ನಾವು ಸಮರ್ಥಿಸುವುದಿಲ್ಲ. ಸಾರ್ವಜನಿಕರ ತೆರಿಗೆಯಿಂದ ಸಂಬಳ ಪಡೆಯುವವನಿಗೆ ಸುಳ್ಳು ಕಾಯಿಲೆಯ ರಜೆ ನಿಷಿದ್ಧ ಗಳಿಕೆಯೇ ಸರಿ. ಆದರೆ ಪ್ರಾಮಾಣಿಕನು ಪ್ರಾಮಾಣಿಕವಾಗಿಯೇ ರಜೆ ಪಡೆಯಬಲ್ಲ ದಾರಿಯನ್ನು ತೆರೆಯದೆ ಪ್ರಾಮಾಣಿಕತೆಯ ಪಾಠ ಹೇಳುವುದರಲ್ಲಿ ಅರ್ಥವಿಲ್ಲ.

ಬೇರೆ ದೇಶಗಳು ಈ ಪ್ರಶ್ನೆಯನ್ನು ಹೇಗೆ ಎದುರಿಸಿವೆ ಎಂದು ನೋಡಬಹುದು. ಅಮೇರಿಕದಲ್ಲಿ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆಯು ವರ್ಷಕ್ಕೆ 12 ವಾರಗಳ ರಜೆಯನ್ನು ಕೊಡುತ್ತದೆ. ಆ ರಜೆಗೆ ಸಂಬಳವಿಲ್ಲ. ಶ್ರೀಮಂತ ದೇಶವೊಂದಕ್ಕೆ ಇದು ನಾಚಿಕೆಗೇಡು ಎಂಬುದರಲ್ಲಿ ಎರಡು ಮಾತಿಲ್ಲ. ಅಲ್ಲಿನ ಫೆಡರಲ್ ನೌಕರರಿಗೆ ಮಗುವಿನ ಜನನ ಅಥವಾ ದತ್ತು ಸ್ವೀಕಾರಕ್ಕಾಗಿ 12 ವಾರಗಳ ವೇತನ ಸಹಿತ ರಜೆ ದೊರೆತದ್ದೂ 2020ರ ಅಕ್ಟೋಬರ್‌ನಿಂದಷ್ಟೇ. ತಾಯಂದಿರ ವಿಷಯದಲ್ಲಿ ನಮ್ಮ ಕಾನೂನೇ ಉತ್ತಮ. ಆದರೆ ಆ ಕಾಯ್ದೆಯಲ್ಲಿ ನಾವು ಕಲಿಯಬೇಕಾದ ಒಂದಂಶವಿದೆ. ತೀವ್ರ ಅಸ್ವಸ್ಥರಾದ ಪತಿ, ಪತ್ನಿ, ಮಕ್ಕಳು ಮಾತ್ರವಲ್ಲ, ತಂದೆ ತಾಯಿಯ ಆರೈಕೆಗಾಗಿಯೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಅದು ರಜೆ ನೀಡುತ್ತದೆ. ಮರಳಿ ಬಂದಾಗ ಕೆಲಸ ಕಾದಿರುತ್ತದೆ ಎಂಬ ಖಾತರಿಯೂ ಇದೆ. ಕುಟುಂಬ ವ್ಯವಸ್ಥೆ ಕುಸಿದಿದೆಯೆಂದು ನಾವು ಸದಾ ಮೂದಲಿಸುವ ದೇಶವು ವೃದ್ಧ ತಾಯಿಯನ್ನು ರಜೆಯ ಕಾನೂನಿನೊಳಗೆ ತಂದಿದೆ. ಮಾತೃದೇವೋಭವ ಎನ್ನುವ ನೆಲದ ಸೇವಾ ನಿಯಮಗಳಲ್ಲಿ ಆ ತಾಯಿಗೆ ಜಾಗ ಸಿಕ್ಕಿಲ್ಲ.

ಇಷ್ಟೆಲ್ಲ ರಜೆ ಕೊಟ್ಟರೆ ಕಚೇರಿ ನಡೆಯುವುದು ಹೇಗೆ ಎಂಬುದು ಮುಂದಿನ ಪ್ರಶ್ನೆ. ನ್ಯಾಯಯುತ ಪ್ರಶ್ನೆ. ಆದರೆ ಕುರ್ಚಿ ಖಾಲಿಯಾಗಿರುವುದು ಬಾಣಂತಿಯರಿಂದಲೇ? ರಾಜ್ಯ ಸರಕಾರದಲ್ಲಿ ಎರಡು ಲಕ್ಷಕ್ಕೂ ಅಧಿಕ ಮಂಜೂರಾದ ಹುದ್ದೆಗಳು ಖಾಲಿಯಿವೆ. ಆರು ತಿಂಗಳ ರಜೆಯಿಂದ ಖಾಲಿಯಾದ ಕುರ್ಚಿ ಏಳನೇ ತಿಂಗಳಲ್ಲಿ ತುಂಬುತ್ತದೆ. ನೇಮಕಾತಿಯಾಗದೆ ಖಾಲಿಯಾದ ಕುರ್ಚಿ ವರ್ಷಾನುಗಟ್ಟಲೆ ಹಾಗೆಯೇ ಇರುತ್ತದೆ. ಮೂವರ ಕೆಲಸವನ್ನು ಒಬ್ಬಾಕೆ ಮಾಡುತ್ತಿರುವಲ್ಲಿ ಆಕೆ ರಜೆ ಹಾಕಿದಾಗ ಮೂವರ ಕೆಲಸ ನಿಲ್ಲುತ್ತದೆ. ಜನರ ಶಾಪ ಮಾತ್ರ ಆಕೆಗೆ ತಟ್ಟುತ್ತದೆ. ಹೆರಿಗೆಯ ದಿನಾಂಕ ತಿಂಗಳುಗಳ ಮೊದಲೇ ತಿಳಿದಿರುತ್ತದೆ. ಬದಲಿ ವ್ಯವಸ್ಥೆ ಮಾಡಲಾಗದಿದ್ದರೆ ಅದು ಆಡಳಿತದ ಸೋಮಾರಿತನವೇ ಹೊರತು ತಾಯಿಯ ತಪ್ಪಲ್ಲ.

ಹಣವಿಲ್ಲ ಎಂಬ ನೆಪವೂ ಸಲ್ಲದು. ತಮಿಳುನಾಡು ತನ್ನ ಸರಕಾರಿ ನೌಕರರ ಹೆರಿಗೆ ರಜೆಯನ್ನು 2021ರ ಜುಲೈಯಿಂದ ಒಂಬತ್ತು ತಿಂಗಳಿನಿಂದ ಹನ್ನೆರಡಕ್ಕೆ ಏರಿಸಿತು. ಪುಟ್ಟ ರಾಜ್ಯ ಸಿಕ್ಕಿಂ 2023ರಲ್ಲಿ ತಾಯಿಗೆ ಹನ್ನೆರಡು ತಿಂಗಳು, ತಂದೆಗೆ ಒಂದು ತಿಂಗಳು ಎಂದು ಘೋಷಿಸಿತು. ನಮ್ಮ ರಾಜ್ಯವೂ ಇಚ್ಛಿಸಿದರೆ ಗೋಡೆ ದಾಟಬಲ್ಲದು. 2025ರಲ್ಲಿ ಹೊರಡಿಸಲಾದ ವರ್ಷಕ್ಕೆ 12 ದಿನಗಳ ಮುಟ್ಟಿನ ರಜೆಯ ಆದೇಶ ಖಾಯಂ, ಗುತ್ತಿಗೆ, ಹೊರಗುತ್ತಿಗೆ ಎಂಬ ಮೂವರನ್ನೂ ಒಂದೇ ಸಾಲಿನಲ್ಲಿ ಹೆಸರಿಸಿತ್ತು. ಉದ್ಯೋಗದಾತರು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರೆಂಬುದು ಬೇರೆ ಮಾತು. ಖಾಸಗಿ ಹೋಟೆಲು, ಕಾರ್ಖಾನೆಗಳ ಹೊರಗುತ್ತಿಗೆ ಮಹಿಳೆಗೆ ರಜೆ ಕೊಡಿಸಹೊರಟ ಸರಕಾರ, ತನ್ನದೇ ಕಚೇರಿಯ ಹೊರಗುತ್ತಿಗೆ ಮಹಿಳೆಗೆ ಹೆರಿಗೆಯ ಆರು ತಿಂಗಳನ್ನು ಖಾತರಿಪಡಿಸಲು ಏಕೆ ಹಿಂಜರಿಯಬೇಕು?

ಸರಕಾರದತ್ತ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. ಸರಕಾರಿ ಉದ್ಯೋಗದಲ್ಲಿ ಮುಸ್ಲಿಮರ ಪಾಲು ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆಯೆಂದು ಸಾಚಾರ್ ಸಮಿತಿ 2006ರಲ್ಲೇ ಹೇಳಿತ್ತು. ಆದ್ದರಿಂದ ಇದು ನಮ್ಮ ಸಮಸ್ಯೆಯಲ್ಲ ಎಂದು ಕೆಲವರು ಭಾವಿಸಿರಬಹುದು. ಹಾಗಲ್ಲ. ಬಿ.ಎಡ್. ಮುಗಿಸಿದ, ನರ್ಸಿಂಗ್ ಕಲಿತ ನಮ್ಮ ಹೆಣ್ಣು ಮಕ್ಕಳಿಗೆ ಸರಕಾರಿ ಸೇವೆಯ ಬಾಗಿಲು ತೆರೆದಾಗ ಬಹುತೇಕ ತೆರೆಯುವುದು ಗುತ್ತಿಗೆಯ, ಅತಿಥಿಯ ಕಿರುಬಾಗಿಲೇ. ಇನ್ನು ನಮ್ಮದೇ ಆಡಳಿತ ಮಂಡಳಿಗಳು ನಡೆಸುವ ಶಾಲೆಗಳನ್ನು ನೋಡಿ. ಶಿಕ್ಷಕಿ ಗರ್ಭಿಣಿಯೆಂದು ತಿಳಿದೊಡನೆ ‘ಹೆರಿಗೆಯಾದ ಮೇಲೆ ನೋಡೋಣ’ ಎಂದು ಕಳುಹಿಸಿಕೊಡುವ, ಬಳಿಕ ಆ ಜಾಗದಲ್ಲಿ ಕಡಿಮೆ ಸಂಬಳದ ಇನ್ನೊಬ್ಬಳನ್ನು ಕೂರಿಸುವ ಪದ್ಧತಿ ಎಷ್ಟು ಕಡೆಗಳಲ್ಲಿಲ್ಲ? ಹತ್ತು ಮಂದಿ ದುಡಿಯುವ ಸಂಸ್ಥೆಗೂ 26 ವಾರಗಳ ಕಾನೂನು ಅನ್ವಯವಾಗುತ್ತದೆಂಬುದು ಆ ಮಂಡಳಿಗಳಿಗೆ ತಿಳಿಯದೇ? ಪತ್ನಿಯ ಹೆರಿಗೆಗೆಂದು ಊರಿಗೆ ಹೋಗಬೇಕಾದ ಇಮಾಮರು ಎರಡು ದಿನದ ರಜೆಗಾಗಿ ಜಮಾಅತ್ ಕಮಿಟಿಯ ಮುಂದೆ ಕೈಕಟ್ಟಿ ನಿಲ್ಲುವ ದೃಶ್ಯ ಯಾರಿಗೆ ಅಪರಿಚಿತ? ತಾಯಿಯ ಪಾದದಡಿ ಸ್ವರ್ಗವಿದೆಯೆಂದು ಜುಮಾದ ದಿನ ಕೇಳಿ, ಶನಿವಾರ ತಾಯಿಯಾಗಲಿರುವವಳ ಹೆಸರನ್ನು ಹಾಜರಿ ಪುಸ್ತಕದಿಂದ ಹೊಡೆದು ಹಾಕುವವರಿಗೆ ಸರಕಾರವನ್ನು ಪ್ರಶ್ನಿಸುವ ನೈತಿಕ ಹಕ್ಕು ಎಲ್ಲಿಂದ ಬರಬೇಕು?

ಆದ್ದರಿಂದ ನಮ್ಮ ಬೇಡಿಕೆಗಳು ಎರಡು ದಿಕ್ಕಿನವು. ಸರಕಾರದೊಡನೆ ನಾವು ಕೇಳುವುದಿಷ್ಟು: ನೇಮಕಾತಿಯ ವಿಧ ಯಾವುದೇ ಇರಲಿ, ಸರಕಾರದ ಕೆಲಸ ಮಾಡುವ ಪ್ರತಿಯೊಬ್ಬಳಿಗೂ ಹೆರಿಗೆ ರಜೆ ಸಿಗುವಂತೆ ಒಂದೇ ಆದೇಶ ಬರಲಿ, ಆ ಷರತ್ತಿಲ್ಲದ ಹೊರಗುತ್ತಿಗೆ ಟೆಂಡರ್‌ಗೆ ಸಹಿ ಬೀಳದಿರಲಿ. ಹೆರಿಗೆ ರಜೆಯ ಕಾರಣಕ್ಕೆ ನವೀಕರಣ ನಿರಾಕರಿಸಿದ ಅಧಿಕಾರಿ ಅದಕ್ಕೆ ವೈಯಕ್ತಿಕವಾಗಿ ಉತ್ತರಿಸಬೇಕಾಗಲಿ. ಮೂರನೇ ಮಗುವಿಗೆ ಕನಿಷ್ಠ ಕಾರ್ಮಿಕ ಕಾನೂನಿನ 12 ವಾರಗಳಾದರೂ ಸಿಗಲಿ. ತಂದೆಯ ರಜೆ ತಿಂಗಳಿಗೇರಲಿ. ವೃದ್ಧ ತಂದೆ ತಾಯಿಯ, ಬಾಳ ಸಂಗಾತಿಯ ಆರೈಕೆಗೆ ಗಂಡು ಹೆಣ್ಣೆಂಬ ಭೇದವಿಲ್ಲದ ಪ್ರತ್ಯೇಕ ರಜೆಯನ್ನು ನಿಯಮಗಳಲ್ಲಿ ಸೇರಿಸಲಿ. ನಮ್ಮ ಸಂಸ್ಥೆಗಳೊಡನೆ ಕೇಳುವುದು ಇನ್ನೂ ಸರಳ: ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಶಿಕ್ಷಕಿಯರ ಹೆರಿಗೆ ರಜೆಯನ್ನು ಮೊದಲ ವಿಷಯವಾಗಿ ಚರ್ಚಿಸಿ, ನಿರ್ಣಯಿಸಿ, ಬರೆದಿಡಿ.

ರಜೆಯ ಅರ್ಜಿಗಳೊಂದಿಗೆ ಒಂದು ಸಮಾಜ ಹೇಗೆ ವ್ಯವಹರಿಸುತ್ತದೆ ಎಂಬುದರಲ್ಲಿ ಅದು ಮನುಷ್ಯರನ್ನು ಏನೆಂದು ಪರಿಗಣಿಸುತ್ತದೆ ಎಂಬುದು ಗೊತ್ತಾಗುತ್ತದೆ. ಹುಟ್ಟು, ರೋಗ, ಮುಪ್ಪು ಇವು ಖಾಯಂ ನೌಕರನ ಮನೆಗೆ ಮಾತ್ರ ಬರುವ ನೆಂಟರಲ್ಲ. ಗುತ್ತಿಗೆಯ ಕಾಗದವನ್ನು ನೋಡಿ ಬಾಗಿಲಲ್ಲೇ ತಿರುಗಿ ಹೋಗುವ ಸಭ್ಯತೆಯೂ ಅವಕ್ಕಿಲ್ಲ. ಇಷ್ಟು ಸರಳ ಸತ್ಯವನ್ನು ಒಪ್ಪಿಕೊಳ್ಳಲು ಸರಕಾರಕ್ಕೂ ನಮ್ಮ ಕಮಿಟಿಗಳಿಗೂ ಇನ್ನೆಷ್ಟು ತೀರ್ಪುಗಳು ಬೇಕು?